ಜೆರಾಕ್ಸ್ ಅಂಗಡಿಯಿಂದ ಕೌಶಲ್ಯಾಭಿವೃದ್ಧಿ ಸಚಿವರಿಗೆ ಒಂದು ಪತ್ರ

ಇವರಿಗೆ,
ಮಾನ್ಯ ಸಚಿವರು,
ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆ,
ಬೆಂಗಳೂರು.

ಮಾನ್ಯರೇ,

ವಿಜಯನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹತ್ತಡಿ ಅಗಲ, ಎಂಟಡಿ ಆಳದ ಮಳಿಗೆ. ಎರಡು ಮೆಷಿನ್, ಒಂದು ಕಂಪ್ಯೂಟರ್, ಒಂದು ಲ್ಯಾಮಿನೇಷನ್ ಯಂತ್ರ. ಹದಿನಾಲ್ಕು ವರ್ಷದಿಂದ ನಡೆಸುತ್ತಿದ್ದೇನೆ. ಆಧಾರ್ ಕಾರ್ಡ್, ಬಾಡಿಗೆ ಕರಾರು, ಮದುವೆ ಬಯೋಡೇಟಾ, ಎಲ್ಲವೂ ಬರುತ್ತವೆ. ಆದರೆ ನನ್ನ ಒಲೆ ಉರಿಯುವುದು ಕೆಲಸ ಹುಡುಕುವವರಿಂದ. ಬೆಳಿಗ್ಗೆ ಎಂಟೂವರೆಗೆ ಶಟರ್ ಎತ್ತುವಾಗಲೇ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಒಬ್ಬಿಬ್ಬರು ನಿಂತಿರುತ್ತಾರೆ. "ಅಣ್ಣಾ, ರೆಸ್ಯೂಮ್ ನಾಲ್ಕು ಕಾಪಿ. ಬೇಗ ಅಣ್ಣಾ, ಹತ್ತಕ್ಕೆ ಇಂಟರ್‌ವ್ಯೂ."

ನಾಲ್ಕು ಕಾಪಿ ತೆಗೆದುಕೊಡುವುದು ನನ್ನ ಕೆಲಸ. ಕಷ್ಟ ಏನೆಂದರೆ, ಅವರು ಕಾಪಿ ತೆಗೆದುಕೊಂಡು ಸುಮ್ನೆ ಹೋಗುವುದಿಲ್ಲ. "ಅಣ್ಣಾ, ಈ ಕಂಪನಿ ಒಳ್ಳೆಯದಾ?" "ಅಣ್ಣಾ, ಬಿ.ಎಸ್ಸಿ. ಮಾಡಿದವರಿಗೆ ಏನು ಕೆಲಸ ಸಿಗುತ್ತೆ?" "ಅಣ್ಣಾ, ಕೆರಿಯರ್ ಆಬ್ಜೆಕ್ಟಿವ್ ಅಂತ ಇದೆಯಲ್ಲ, ಅಲ್ಲಿ ಏನು ಬರೀಲಿ?"

ನನ್ನನ್ನು ಕೇಳುತ್ತಾರೆ ಸ್ವಾಮಿ. ಪುಟಕ್ಕೆ ಎರಡು ರೂಪಾಯಿ ತೆಗೆದುಕೊಳ್ಳುವ ನನ್ನನ್ನು. ಈ ಪತ್ರ ಬರೆಯಲು ಅದೇ ಕಾರಣ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಆ ಕೆರಿಯರ್ ಆಬ್ಜೆಕ್ಟಿವ್ ಜಾಗಕ್ಕೆ ನನ್ನ ಕಂಪ್ಯೂಟರಿನಲ್ಲಿ ಒಂದು ವಾಕ್ಯ ಇದೆ. ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಗೂ ನನ್ನ ಏಳಿಗೆಗೂ ಶ್ರಮಿಸುತ್ತೇನೆ ಎಂಬ ಅರ್ಥದ ಇಂಗ್ಲಿಷ್ ವಾಕ್ಯ. ಯಾರೋ ಬಿಟ್ಟುಹೋದ ಫೈಲಿನಿಂದ ತೆಗೆದದ್ದು. ಬ್ಯಾಂಕಿಗೆ ಹೋಗುವವನಿಗೂ ಅದೇ, ಪೀಣ್ಯದ ಫ್ಯಾಕ್ಟರಿಗೆ ಹೋಗುವವನಿಗೂ ಅದೇ, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿಗೆ ಹೋಗುವವಳಿಗೂ ಅದೇ. ಎಷ್ಟು ಜನರ ಹಣೆಗೆ ಆ ವಾಕ್ಯ ಅಂಟಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಬೇರೆ ಏನು ಬರೆಯಲಿ ಹೇಳಿ? ಎದುರಿಗೆ ನಿಂತ ಹುಡುಗನಿಗೆ ತಾನು ಹೋಗುತ್ತಿರುವ ಕೆಲಸದಲ್ಲಿ ದಿನವಿಡೀ ಏನು ಮಾಡಬೇಕು ಅಂತಲೇ ಗೊತ್ತಿರುವುದಿಲ್ಲ.

ಹೋದ ವರ್ಷದ ಒಂದು ಘಟನೆ ಹೇಳುತ್ತೇನೆ. ಚಿಕ್ಕನಾಯಕನಹಳ್ಳಿ ಕಡೆಯ ಹುಡುಗಿ. ಪಕ್ಕದ ರಸ್ತೆಯ ಪೀಜಿಯಲ್ಲಿ ಇದ್ದಳು. ಬಿ.ಎಸ್ಸಿ., ಅದರಲ್ಲಿ ಪ್ರಾಣಿಶಾಸ್ತ್ರ ಓದಿದ್ದಳು. ಎಂಟನೇ ತರಗತಿಯಿಂದ ಒಂದೇ ಸಮ ಒಳ್ಳೆಯ ಅಂಕ. ಮೂರು ತಿಂಗಳಲ್ಲಿ ನನ್ನ ಅಂಗಡಿಯಲ್ಲಿ ಅವಳ ರೆಸ್ಯೂಮ್ ನಲವತ್ತು ಸಲವಾದರೂ ಪ್ರಿಂಟ್ ಆಗಿರಬೇಕು. ಒಂದು ದಿನ ಕೇಳಿದೆ, "ಏನಮ್ಮಾ, ಎಲ್ಲಾದರೂ ಆಯ್ತಾ?" ಅಂತ. "ಒಂದು ಕಡೆಯಿಂದ ಕರೆದಿದ್ದರು ಅಣ್ಣಾ, ನಾನೇ ಹೋಗಲಿಲ್ಲ. ಅದೇನೋ ಮೆಡಿಕಲ್ ಕೋಡಿಂಗ್ ಅಂತೆ. ನನಗೆ ಕೋಡಿಂಗ್ ಬರಲ್ಲ. ನಾನು ಕಂಪ್ಯೂಟರ್ ಸೈನ್ಸ್ ಅಲ್ವಲ್ಲಾ."

ನನಗೂ ಸರಿ ಅನ್ನಿಸಿತು. ಕೋಡಿಂಗ್ ಅಂದರೆ ಸಾಫ್ಟ್‌ವೇರ್ ಅಂತಲೇ ನಾನೂ ತಿಳಿದಿದ್ದೆ.

ಎರಡು ವಾರ ಕಳೆದ ಮೇಲೆ ಇನ್ನೊಬ್ಬಳು ಬಂದಳು. ಪ್ಯಾನ್ ಕಾರ್ಡ್ ಜೆರಾಕ್ಸ್‌ಗೆ. ಕೊರಳಲ್ಲಿ ಕಂಪನಿ ಐಡಿ. ಮಾತಿಗೆ ಮಾತು ಬಂದು ಗೊತ್ತಾಯಿತು, ಅವಳು ಅದೇ ಕೆಲಸ ಮಾಡುವವಳು. ಅವಳು ಹೇಳಿದ್ದು ಹೀಗೆ: ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿ ಟಿಪ್ಪಣಿ ಬರೆದಿರುತ್ತಾರೆ. ಅದನ್ನು ಓದಿ ಕಾಯಿಲೆಗೊಂದು, ಚಿಕಿತ್ಸೆಗೊಂದು ಸಂಕೇತ ಹಾಕಬೇಕು. ಆ ಸಂಕೇತ ನೋಡಿಕೊಂಡು ಅಲ್ಲಿನ ಇನ್ಶೂರೆನ್ಸ್ ಕಂಪನಿ ಆಸ್ಪತ್ರೆಗೆ ದುಡ್ಡು ಕೊಡುತ್ತದೆ. ಕಾಯಿಲೆಯ ಸಂಕೇತಗಳಿಗೆ ಐಸಿಡಿ-10 ಅಂತ ದೊಡ್ಡ ಪಟ್ಟಿ ಇದೆ. ಇ11 ಅಂದರೆ ಟೈಪ್-2 ಸಕ್ಕರೆ ಕಾಯಿಲೆ. ಐ10 ಅಂದರೆ ಬಿಪಿ. ಪ್ರೋಗ್ರಾಮ್ ಬರೆಯುವ ಮಾತೇ ಇಲ್ಲ. ದೇಹದ ಅಂಗಾಂಗ ಗೊತ್ತಿರಬೇಕು, ಇಂಗ್ಲಿಷ್ ಓದಿ ಅರ್ಥ ಆಗಬೇಕು. ಪ್ರಾಣಿಶಾಸ್ತ್ರ, ನರ್ಸಿಂಗ್, ಫಾರ್ಮಸಿ ಓದಿದವರನ್ನು ಹುಡುಕಿಕೊಂಡು ತೆಗೆದುಕೊಳ್ಳುತ್ತಾರೆ. "ನಾನೂ ಬಿ.ಎಸ್ಸಿ.ನೇ ಅಣ್ಣಾ" ಅಂದಳು.

ಎದೆ ಧಸಕ್ ಅಂತು. ಆ ಚಿಕ್ಕನಾಯಕನಹಳ್ಳಿ ಹುಡುಗಿ ಅಷ್ಟರಲ್ಲಿ ಪೀಜಿ ಖಾಲಿ ಮಾಡಿ ಊರಿಗೆ ಹೋಗಿದ್ದಳು. ಅವಳ ನಂಬರ್ ನನ್ನ ಹತ್ತಿರ ಇರಲಿಲ್ಲ. ಒಂದು ಪದ ತಪ್ಪಾಗಿ ಅರ್ಥ ಆಗಿ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೂರು ವರ್ಷ ಡಿಗ್ರಿ ಕಾಲೇಜಿನಲ್ಲಿ ಕಪ್ಪೆ ಕೊಯ್ಯುವ ಪಾಠ ಕೇಳಿದವಳಿಗೆ, ಈ ಓದು ಬೆಂಗಳೂರಿನ ಯಾವ ಕಟ್ಟಡದ ಒಳಗೆ ಉಪಯೋಗಕ್ಕೆ ಬರುತ್ತದೆ ಅಂತ ಒಬ್ಬರೂ ಹೇಳಿರಲಿಲ್ಲ.

ಮೆಡಿಕಲ್ ಕೋಡಿಂಗ್ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ದಿನಕ್ಕೆ ಇಷ್ಟು ಫೈಲ್ ಮುಗಿಸಬೇಕು ಅಂತ ಟಾರ್ಗೆಟ್ ಇರುತ್ತಂತೆ. ಕಣ್ಣು ಉರಿಯುತ್ತಂತೆ. ಮುಂದೆ ಎಐ ಬಂದು ಎಷ್ಟು ಜನರನ್ನು ಉಳಿಸುತ್ತದೋ ಗೊತ್ತಿಲ್ಲ ಅಂತ ಆ ಐಡಿ ಕಾರ್ಡಿನ ಹುಡುಗಿಯೇ ಹೇಳಿದಳು. ಅದನ್ನೂ ಹೇಳಬೇಕು ಅಲ್ವಾ? ಪೂರ್ತಿ ಕೇಳಿಸಿಕೊಂಡು ಬೇಡ ಅನ್ನುವುದು ಬೇರೆ. ಏನೆಂದೇ ತಿಳಿಯದೆ ಬೇಡ ಅನ್ನುವುದು ಬೇರೆ.

ನಿಮ್ಮ ಇಲಾಖೆ ತರಬೇತಿ ಕೊಡುತ್ತದೆ. ಒಳ್ಳೆಯದು. ಆದರೆ ನನ್ನ ಕೌಂಟರಿನ ಈ ಕಡೆಯಿಂದ ನೋಡಿದರೆ, ಮಕ್ಕಳಿಗೆ ಮೊದಲು ಬೇಕಾಗಿರುವುದು ಕೇಳುವುದಕ್ಕೆ ಒಂದು ಜಾಗ.

ಹಿಂದೆ ಅಂಥದ್ದೊಂದು ಜಾಗ ಇತ್ತು. ನಮ್ಮ ಮಾವ, ಅಂದರೆ ನನ್ನ ಹೆಂಡತಿಯ ತಂದೆ, ಜಾಲಹಳ್ಳಿಯ ಎಚ್‌ಎಂಟಿಯಲ್ಲಿದ್ದರು. ಅವರಿಗೆ ಇಂಟರ್‌ವ್ಯೂ ಕಾರ್ಡ್ ಬಂದಿದ್ದು ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಿಂದ, ಅಂದರೆ ಸರ್ಕಾರದ ಉದ್ಯೋಗ ವಿನಿಮಯ ಕೇಂದ್ರದಿಂದ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಹೋಗಿ ಹೆಸರು ಬರೆಸುವುದು, ಮೂರು ವರ್ಷಕ್ಕೊಮ್ಮೆ ಕಾರ್ಡ್ ನವೀಕರಿಸುವುದು, ಅದು ಆಗಿನ ಕಾಲದ ಪದ್ಧತಿ. "ಅಲ್ಲಿ ಗುಮಾಸ್ತರು ಬೈಯೋರು ಕಣಯ್ಯಾ, ಆದ್ರೆ ಯಾವ ಫ್ಯಾಕ್ಟರಿಲಿ ಯಾವ ಟ್ರೇಡ್‌ಗೆ ಜನ ಬೇಕು ಅಂತ ಅವ್ರಿಗೆ ಗೊತ್ತಿರ್ತಿತ್ತು" ಅನ್ನುತ್ತಾರೆ ಮಾವ. ಎಚ್‌ಎಎಲ್, ಟೆಲಿಫೋನ್ ಮಾಡುತ್ತಿದ್ದ ಐಟಿಐ, ಎಚ್‌ಎಂಟಿ, ಬಿಇಎಲ್. ಆಗ ನಾಲ್ಕು ಹೆಸರು ಗೊತ್ತಿದ್ದರೆ ಬೆಂಗಳೂರೇ ಗೊತ್ತಿದ್ದ ಹಾಗೆ. ಈಗ ಮಾನ್ಯತಾ ಟೆಕ್ ಪಾರ್ಕಿನ ಒಂದೇ ಗೇಟಿನ ಒಳಗೆ ಎಷ್ಟು ಕಂಪನಿ, ಎಷ್ಟು ಥರದ ಕೆಲಸ ಅಂತ ಅಲ್ಲೇ ಟೀ ಮಾರುವವನಿಗೂ ಹೇಳಲು ಆಗಲ್ಲ.

ಕಾನೂನಂತೂ ಇತ್ತು. 1959ರ ಕಾಯ್ದೆ ಪ್ರಕಾರ ಸರ್ಕಾರಿ ಸಂಸ್ಥೆಗಳು, ಹಾಗೆಯೇ 25ಕ್ಕಿಂತ ಕಡಿಮೆ ಇಲ್ಲದಷ್ಟು ಜನ ಕೆಲಸ ಮಾಡುವ ಖಾಸಗಿ ಸಂಸ್ಥೆಗಳು, ತಮ್ಮಲ್ಲಿ ಖಾಲಿ ಇರುವ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕಿತ್ತು. ಅಲ್ಲಿಂದಲೇ ಜನರನ್ನು ತೆಗೆದುಕೊಳ್ಳಬೇಕು ಅಂತ ಬಲವಂತ ಇರಲಿಲ್ಲ, ತಿಳಿಸಿದರೆ ಸಾಕಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಈ ಕೇಂದ್ರಕ್ಕೆ ಕೆರಿಯರ್ ಸೆಂಟರ್ ಅಂತ ಹೊಸ ಹೆಸರು ಬಂದಿದೆ. ಹೆಸರು ಚೆನ್ನಾಗಿದೆ. ನನ್ನ ಅಂಗಡಿಗೆ ಬರುವ ಮಕ್ಕಳಲ್ಲಿ ಹತ್ತು ಜನರನ್ನು ಕೇಳಿ ನೋಡಿದೆ, ಅಂಥದ್ದೊಂದು ಇದೆ ಅಂತ ಗೊತ್ತಾ ಅಂತ. ಇಬ್ಬರಿಗೆ ಗೊತ್ತಿತ್ತು. ಇಬ್ಬರೂ ಅದನ್ನು ದುಡ್ಡು ಕಟ್ಟುವ ಕನ್ಸಲ್ಟೆನ್ಸಿ ಅಂದುಕೊಂಡಿದ್ದರು!

ಕನ್ಸಲ್ಟೆನ್ಸಿ ವಿಷಯ ಬಂತು, ಹೇಳಿಯೇ ಬಿಡುತ್ತೇನೆ. ಒಂದು ಮಧ್ಯಾಹ್ನ ಒಬ್ಬ ಹುಡುಗ ಖುಷಿಯಿಂದ ಓಡಿ ಬಂದ. ಆಫರ್ ಲೆಟರ್ ಕಲರ್ ಪ್ರಿಂಟ್ ಬೇಕು, ಅಮ್ಮನಿಗೆ ತೋರಿಸಬೇಕು ಅಂದ. ಲೋಗೋ, ಸೀಲು, ಸಹಿ, ಎಲ್ಲ ಇತ್ತು. ಲ್ಯಾಪ್‌ಟಾಪ್ ಡಿಪಾಸಿಟ್ ಅಂತ ಆರೂವರೆ ಸಾವಿರ ಕಟ್ಟಿದ್ದ. ಸೇರಿದ ತಿಂಗಳೇ ವಾಪಸ್ ಕೊಡುತ್ತಾರಂತೆ. ನಾನು ಪ್ರಿಂಟ್ ತೆಗೆದುಕೊಟ್ಟೆ. ಅಮ್ಮನಿಗೆ ತೋರಿಸುವುದಲ್ವಾ ಅಂತ ಲ್ಯಾಮಿನೇಷನ್ ಕೂಡ ಮಾಡಿಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಸೋಮವಾರ ಅವನು ಆ ವಿಳಾಸಕ್ಕೆ ಹೋದರೆ ಅಲ್ಲಿ ಟೈಲ್ಸ್ ಗೋಡೌನ್ ಇತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅಂತ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಎಂಟು ದಿನ ಕಳೆದಿತ್ತು. ಈಗ ಆ ನಂಬರನ್ನು ದಪ್ಪ ಅಕ್ಷರದಲ್ಲಿ ಮೆಷಿನ್ ಮೇಲೆ ಅಂಟಿಸಿದ್ದೇನೆ. ಕೆಳಗೆ, "ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ" ಅಂತ. ಹೊರದೇಶಕ್ಕೆ ಕಳಿಸುವ ಏಜೆಂಟರಿಗೆ 1983ರ ವಲಸೆ ಕಾಯ್ದೆ ಪ್ರಕಾರ ನೋಂದಣಿ ಇರಲೇಬೇಕು ಅಂತಲೂ ಬರೆದಿದ್ದೇನೆ. ಇದನ್ನು ಬರೆದು ಅಂಟಿಸುವುದು ಜೆರಾಕ್ಸ್‌ನವನ ಕೆಲಸವೇ?

ಇನ್ನು ನಿಜವಾದ ಆಫರ್ ಲೆಟರ್‌ಗಳ ಕತೆ. ಅವುಗಳಲ್ಲಿ ಮೋಸ ಇಲ್ಲ, ಆದರೆ ನಮ್ಮ ಮಕ್ಕಳಿಗೆ ಓದಲು ಬರುವುದಿಲ್ಲ. ಇಂಗ್ಲಿಷ್ ಬರುತ್ತದೆ, ಲೆಕ್ಕ ತಿಳಿಯುವುದಿಲ್ಲ. "ಅಣ್ಣಾ, ವರ್ಷಕ್ಕೆ ಎರಡು ಲಕ್ಷ ನಲವತ್ತು ಸಾವಿರ. ಅಂದ್ರೆ ತಿಂಗಳಿಗೆ ಇಪ್ಪತ್ತು!" ಅಂತ ಊರಿಗೆ ಫೋನ್ ಮಾಡುತ್ತಾರೆ. ನಾನು ಹಾಳಾದ ಎ4 ಹಾಳೆಯ ಹಿಂದೆ ಲೆಕ್ಕ ಹಾಕಿ ತೋರಿಸುತ್ತೇನೆ. ಅದು ಸಿಟಿಸಿ ಕಣಪ್ಪಾ, ನಿನ್ನ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು, ಸಂಬಳ ಅಲ್ಲ. ಅದರಲ್ಲಿ 24 ಸಾವಿರ ವೇರಿಯಬಲ್, ಚೆನ್ನಾಗಿ ಕೆಲಸ ಮಾಡಿದರೆ ವರ್ಷದ ಕೊನೆಗೆ. ಉಳಿದದ್ದು ತಿಂಗಳಿಗೆ 18 ಸಾವಿರ. ಬೇಸಿಕ್ 10 ಸಾವಿರ ಇದ್ದರೆ ಕಂಪನಿಯ ಪಾಲಿನ ಪಿಎಫ್ 1,200. ಗ್ರಾಚ್ಯುಟಿ ಅಂತ 481 ಎತ್ತಿಡುತ್ತಾರೆ. ಕಂಪನಿಯ ಇಎಸ್ಐ ಪಾಲು ಐನೂರು ಚಿಲ್ಲರೆ. ಅಲ್ಲಿಗೆ ಹದಿನೈದು ಸಾವಿರದ ಎಂಟುನೂರು. ಇದರಲ್ಲಿ ನಿನ್ನ ಪಿಎಫ್ ಇನ್ನೊಂದು 1,200, ನಿನ್ನ ಇಎಸ್ಐ ನೂರಿಪ್ಪತ್ತು. ಕೈಗೆ ಬರುವುದು ಹದಿನಾಲ್ಕೂವರೆ.

ಹದಿನಾಲ್ಕೂವರೆ ಅಂದ ಕೂಡಲೇ ಮುಖ ಇಳಿದುಬಿಡುತ್ತದೆ. ಪಿಎಫ್ ನಿನ್ನ ದುಡ್ಡೇ ಕಣೋ, ಇಎಸ್ಐ ಇದ್ದರೆ ಆಸ್ಪತ್ರೆಗೆ ಆಗುತ್ತೆ ಅಂತ ಸಮಾಧಾನ ಹೇಳುತ್ತೇನೆ. ಆದರೆ ಪೀಜಿಗೆ ಏಳೋ ಎಂಟೋ ಸಾವಿರ. ಆಫೀಸ್ ಬೊಮ್ಮಸಂದ್ರದಲ್ಲೋ ವೈಟ್‌ಫೀಲ್ಡಿನಲ್ಲೋ. ಮೆಟ್ರೋ ಹತ್ತೋಣ ಅಂದರೆ 2025ರ ಫೆಬ್ರವರಿಯಿಂದ ದರ ಏರಿ ದೂರದ ಪ್ರಯಾಣಕ್ಕೆ ಒಂದು ಕಡೆಗೇ 90 ರೂಪಾಯಿವರೆಗೂ ಆಗುತ್ತದೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಬಸ್ ಇದೆ. ಅದರಿಂದ ಎಷ್ಟೋ ಹುಡುಗಿಯರು ದಿನಕ್ಕೆ ಎರಡು ಇಂಟರ್‌ವ್ಯೂ ಮುಗಿಸುವುದನ್ನು ನಾನೇ ನೋಡಿದ್ದೇನೆ, ಅದಕ್ಕೆ ಸರ್ಕಾರಕ್ಕೆ ನಮಸ್ಕಾರ. ಒಟ್ಟಿನಲ್ಲಿ ಈ ಎ4 ಹಾಳೆಯ ಲೆಕ್ಕ ಕೆಲಸಕ್ಕೆ ಹೂಂ ಅನ್ನುವ ಮೊದಲೇ ಸಿಗಬೇಕು. ಅದೂ ಕನ್ನಡದಲ್ಲಿ.

ನಮ್ಮ ಏರಿಯಾ ನಿಮಗೆ ಗೊತ್ತೇ ಇದೆ. ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಕೋಚಿಂಗ್‌ಗೆ ಇಡೀ ಕರ್ನಾಟಕ ಇಲ್ಲಿಗೇ ಬರುತ್ತದೆ. ಬೀದರ್, ರಾಯಚೂರು, ವಿಜಯಪುರ, ಎಲ್ಲ ಕಡೆಯ ಕನ್ನಡ ನನ್ನ ಕೌಂಟರಿನಲ್ಲಿ ಕೇಳಿಸುತ್ತದೆ. ನೋಟ್ಸ್ ಜೆರಾಕ್ಸ್ ಮಾಡಿಸುವವರಲ್ಲಿ ಇವರೇ ಜಾಸ್ತಿ. ಇವರನ್ನು ನೋಡಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಸರ್ಕಾರದ ಕೆಲಸ ದೇವರ ಕೆಲಸ ಅಂತ ವಿಧಾನಸೌಧದ ಮೇಲೇ ಕೆತ್ತಿಟ್ಟು, ಮಕ್ಕಳು ಅದನ್ನು ನಂಬಿದರೆ ತಪ್ಪು ಯಾರದ್ದು? 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರಿನಲ್ಲಿ ನಡೆಯಿತು. ಅಕ್ರಮ ಹೊರಬಿದ್ದು 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಆ ಎರಡು ವರ್ಷದಲ್ಲಿ ನನ್ನ ಗಿರಾಕಿಗಳ ತಲೆಗೂದಲು ಉದುರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವರಲ್ಲಿ ಒಬ್ಬ ಈಗ ಕೊರಿಯರ್ ಡೆಲಿವರಿ ಮಾಡುತ್ತಾನೆ. ಸಂವಿಧಾನದ ಕಲಂಗಳು ಅವನಿಗೆ ಇನ್ನೂ ಬಾಯಿಪಾಠ. ಐದಾರು ವರ್ಷ ಕಾನೂನು, ಇತಿಹಾಸ, ಅರ್ಥಶಾಸ್ತ್ರ ಓದಿದವನಿಗೆ ಈ ಊರಿನಲ್ಲಿ ಬೇರೆ ಯಾವ ಬಾಗಿಲು ತೆರೆಯಬಹುದು ಅಂತ ಯೋಚಿಸಿ ಹೇಳುವವರು ಅವನಿಗೆ ಸಿಗಲೇ ಇಲ್ಲ. ನನಗಂತೂ ಉತ್ತರ ಗೊತ್ತಿರಲಿಲ್ಲ.

ಕೆಲವೊಮ್ಮೆ ಗೊತ್ತಿರುತ್ತದೆ, ಅದೂ ಅದೃಷ್ಟದಿಂದ. ಒಬ್ಬ ತಾಯಿ ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜೆರಾಕ್ಸ್‌ಗೆ ಬಂದರು. ಮನೆಕೆಲಸ ಮಾಡುವವರು. ಮಗನಿಗೆ ಓದು ಅಷ್ಟಕ್ಕಷ್ಟೇ. ಆದರೆ ಮನೆಯ ಮಿಕ್ಸಿ, ಫ್ಯಾನ್ ಎಲ್ಲ ಬಿಚ್ಚಿ ಜೋಡಿಸುತ್ತಾನೆ ಅಂದರು. ಅಕ್ಕಪಕ್ಕದವರು ಹೇಳಿದರು ಅಂತ ಪಿಯುಸಿ ಕಾಮರ್ಸ್‌ಗೆ ಸೇರಿಸಲು ಹೊರಟಿದ್ದರು. ನಮ್ಮ ಮಾವ ಟೂಲ್ ರೂಮಿನವರಾದ್ದರಿಂದ ನನಗೆ ಒಂದು ವಿಷಯ ತಿಳಿದಿತ್ತು. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ನಿಮ್ಮದೇ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಇದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದದ್ದು. ಎಸ್ಸೆಸ್ಸೆಲ್ಸಿ ಆದವರಿಗೆ ಟೂಲ್ ಅಂಡ್ ಡೈ ಮೇಕಿಂಗ್, ಅಂದರೆ ಕಾರ್ಖಾನೆಗೆ ಬೇಕಾದ ಉಪಕರಣ, ಅಚ್ಚು ಮಾಡುವ ಡಿಪ್ಲೊಮಾ. ಮೂರು ವರ್ಷ ಅಲ್ಲಿ ಕಲಿತು, ಒಂದು ವರ್ಷ ಕಾರ್ಖಾನೆಯಲ್ಲಿ ಕೆಲಸ ಮಾಡಬೇಕು. ಹೋಗಿ ಕೇಳಿ ಬನ್ನಿ ಅಕ್ಕಾ ಅಂದೆ. ಹುಡುಗ ಈಗ ಎರಡನೇ ವರ್ಷ. ಮೊನ್ನೆ ಬಂದು ತಾನೇ ಮಾಡಿದ ಕಬ್ಬಿಣದ ಪುಟ್ಟ ವೈಸ್ ಒಂದನ್ನು ಟೇಬಲ್ ಮೇಲಿಟ್ಟು ಹೋದ. ಪೇಪರ್‌ವೇಟ್ ಮಾಡಿಕೊಂಡಿದ್ದೇನೆ. ವಿಜಯನಗರದಿಂದ ರಾಜಾಜಿನಗರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ ದಾರಿ. ಆ ತಾಯಿ ಬೇರೆ ಜೆರಾಕ್ಸ್ ಅಂಗಡಿಗೆ ಹೋಗಿದ್ದರೆ?

ಅಪ್ರೆಂಟಿಸ್, ಅಂದರೆ ಕೆಲಸ ಮಾಡುತ್ತಲೇ ಕಲಿಯುವವರ ವಿಷಯವೂ ಹಾಗೇ. 30 ಅಥವಾ ಜಾಸ್ತಿ ಜನ ಇರುವ ಸಂಸ್ಥೆಗಳು ನೂರಕ್ಕೆ ಎರಡೂವರೆಯಷ್ಟಾದರೂ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಡಿಗ್ರಿ ಆದವರಿಗೆ ಕನಿಷ್ಠ ಸ್ಟೈಪೆಂಡ್ 9 ಸಾವಿರ ಅಂತ 2019ರಲ್ಲೇ ನಿಗದಿ ಮಾಡಿದ್ದರು. ಐಟಿಐ ಮಾಡಿದವರಿಗೆ ಇದು ಗೊತ್ತು. ಬಿ.ಎ., ಬಿ.ಕಾಂ. ಮಕ್ಕಳು ನಮಗೂ ಇದೆಯಾ ಅಂತ ಬಾಯಿ ಬಿಡುತ್ತಾರೆ. ಒಂದು ವರ್ಷ ಒಳಗೆ ಕೂತು ನೋಡಿದರೆ ಆ ಕೆಲಸ ತನಗೆ ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ. ಕೆಲಸ ಹುಡುಕಲು ಇದಕ್ಕಿಂತ ನೇರವಾದ ದಾರಿ ನನಗೆ ಕಾಣಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಕನ್ನಡಿಗರಿಗೆ ಮೀಸಲಾತಿಯ ಮಸೂದೆ 2024ರ ಜುಲೈನಲ್ಲಿ ಬಂದು ಎರಡೇ ದಿನದಲ್ಲಿ ತಡೆಗೆ ಬಿದ್ದಿತಲ್ಲ, ಆ ಜಗಳ ಬೇರೆ, ದೊಡ್ಡವರು ಮಾಡಿಕೊಳ್ಳಲಿ. ನನಗೆ ಬೇಕಾಗಿರುವುದು ಪ್ರತಿ ವಾರ್ಡಿಗೆ ಒಂದು ಮೇಜು, ಎರಡು ಕುರ್ಚಿ.

ಹೊಸ ಕಟ್ಟಡ ಬೇಡ. ಗ್ರಂಥಾಲಯಗಳಿವೆ. ಕಟ್ಟಡ ಮಾಲೀಕರ ಆಸ್ತಿ ತೆರಿಗೆ ರಶೀದಿ ಪ್ರಿಂಟ್ ತೆಗೆಯುವವನು ನಾನೇ. ಅದರಲ್ಲಿ ಸೆಸ್ ಅಂತ ಒಂದು ಸಾಲು ಇರುತ್ತದೆ. ಅದರೊಳಗೆ ತೆರಿಗೆಯ ನೂರಕ್ಕೆ ಆರು ಪಾಲು ಗ್ರಂಥಾಲಯದ್ದು. ಈ ಊರಿನ ಜನ ಕೊಡುತ್ತಲೇ ಇದ್ದಾರೆ. ಹಂಪಿನಗರದ ಗ್ರಂಥಾಲಯಕ್ಕೆ ಒಮ್ಮೆ ಬಂದು ನೋಡಿ. ಓದುವ ಕೋಣೆಯಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಕೆಲಸ ಹುಡುಕುವ ಮಕ್ಕಳೇ. ಅಲ್ಲೇ ಒಂದು ಮೂಲೆಯಲ್ಲಿ ವಾರಕ್ಕೆರಡು ಸಂಜೆ ಒಬ್ಬರು ಕೂರಲಿ. ಆಫರ್ ಲೆಟರ್ ಓದಿ ಲೆಕ್ಕ ಹಾಕಿ ಹೇಳುವವರು, ಕಂಪನಿ ಇದೆಯೋ ಟೈಲ್ಸ್ ಗೋಡೌನೋ ಅಂತ ಹುಡುಕಿ ಹೇಳುವವರು. ಇನ್ನೊಂದು ಸಂಜೆ, ನಿಜವಾಗಿ ಕೆಲಸ ಮಾಡುವ ಒಬ್ಬರನ್ನು ಕರೆಸಿ. ಭಾಷಣ ಬೇಡ, ಹಾರ ಬೇಡ, ಮೋಟಿವೇಷನ್ ಅಂತೂ ಬೇಡವೇ ಬೇಡ. ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡ್ತೀರಿ, ಮೊದಲ ತಿಂಗಳು ಕೈಗೆ ಎಷ್ಟು ಬಂತು, ಯಾವಾಗ ಬಿಡಬೇಕು ಅನ್ನಿಸಿತು, ಇಷ್ಟು ಹೇಳಿದರೆ ಸಾಕು.

ಯುವನಿಧಿಗೆ ಅರ್ಜಿ ಹಾಕಲೂ ಮಕ್ಕಳು ನನ್ನಲ್ಲಿಗೇ ಬರುತ್ತಾರೆ. ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದವರೆಗೆ. ಆ ದುಡ್ಡು ಇಂಟರ್‌ವ್ಯೂ ಓಡಾಟಕ್ಕೆ ಆಗುತ್ತದೆ, ನಿಜ. ಇನ್ನೂ ಕೆಲಸ ಸಿಕ್ಕಿಲ್ಲ ಅಂತ ಅವರು ಆಗಾಗ ಸ್ವಯಂ ಘೋಷಣೆ ಕೊಡಬೇಕು. ಯಾರು ಏನು ಓದಿದ್ದಾರೆ, ಯಾರಿಗೆ ಕೆಲಸ ಸಿಕ್ಕಿಲ್ಲ, ಫೋನ್ ನಂಬರ್ ಏನು, ಎಲ್ಲ ನಿಮ್ಮ ಕಂಪ್ಯೂಟರಿನಲ್ಲಿ ಇದೆ. ಹಾಗಿದ್ದ ಮೇಲೆ ಒಂದು ಮೆಸೇಜ್ ಕಳಿಸಬಹುದಲ್ವಾ? "ನೀವು ಓದಿದ್ದು ಪ್ರಾಣಿಶಾಸ್ತ್ರ. ಈ ಗುರುವಾರ ನಿಮ್ಮ ಗ್ರಂಥಾಲಯದಲ್ಲಿ ಪ್ರಾಣಿಶಾಸ್ತ್ರ ಓದಿ ಕೆಲಸದಲ್ಲಿರುವವರು ಬರುತ್ತಾರೆ" ಅಂತ. ಚಿಕ್ಕನಾಯಕನಹಳ್ಳಿಯಲ್ಲೂ ಗ್ರಂಥಾಲಯ ಇದೆ. ಅಲ್ಲಿಂದಲೇ ಶುರು ಮಾಡಿದರೂ ನನಗೆ ಸಂತೋಷ.

ಕೇಂದ್ರದವರು 2015ರಲ್ಲಿ ಮಾಡಿದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ ಇದೆಯಲ್ಲ, ನಮ್ಮದೇ ಸ್ಕಿಲ್ ಕನೆಕ್ಟ್ ಇದೆಯಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಇವೆ. ಎರಡರಲ್ಲೂ ನಾನೇ ಎಷ್ಟೋ ಜನರ ಹೆಸರು ನೋಂದಾಯಿಸಿ ಕೊಟ್ಟಿದ್ದೇನೆ. ಪೋರ್ಟಲ್ಲಿಗೆ ಏನು ಹುಡುಕಬೇಕು ಅಂತ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದವನು ಅದರ ಮುಂದೆ ಕೂತು ನನ್ನ ಕಡೆಗೇ ತಿರುಗಿ ನೋಡುತ್ತಾನೆ.

ಪತ್ರ ಉದ್ದ ಆಯಿತು. ಒಂದು ವಿಷಯ ಮಾತ್ರ ತಿಳಿಸಿ ಮುಗಿಸುತ್ತೇನೆ. ಆ ಮೆಡಿಕಲ್ ಕೋಡಿಂಗ್ ಹುಡುಗಿ ತಿಂಗಳಿಗೊಂದು ಭಾನುವಾರ ಬರಲು ಒಪ್ಪಿದ್ದಾಳೆ. ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ನಡೆಸುವ ನಮ್ಮ ಭಾವಮೈದನೂ ಬರುತ್ತಾನೆ, ಬಾಯಿ ಸ್ವಲ್ಪ ಜಾಸ್ತಿ, ಆದರೆ ವಿಷಯ ತಿಳಿದವನು. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿಗೆ ರಜೆ. ಮುಂದಿನ ತಿಂಗಳಿಂದ ಅರ್ಧ ಶಟರ್ ಎತ್ತಿಟ್ಟಿರುತ್ತೇನೆ. ನನ್ನಲ್ಲಿ ಆರು ಸ್ಟೂಲ್ ಇವೆ, ಪಕ್ಕದ ಬೇಕರಿಯವರು ಇನ್ನು ನಾಲ್ಕು ಕೊಡುತ್ತಾರಂತೆ. ಡೇರಿ ಸರ್ಕಲ್ ಬಳಿಯ ನಿಮ್ಮ ಕೌಶಲ್ಯ ಭವನದಿಂದ ಯಾರಾದರೂ ಒಬ್ಬರು ಬಂದು ಕೂತರೆ, ಬಾಗಿಲ ಹತ್ತಿರದ ಕುರ್ಚಿ ಅವರಿಗೆ. ಫ್ಯಾನ್ ಇರುವುದು ಅಲ್ಲೇ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಜೆರಾಕ್ಸ್ ಅಂಗಡಿಯವನು,
ವಿಜಯನಗರ, ಬೆಂಗಳೂರು